ಷರೀಫನ ಅರ್ಹತೆ

ಷರೀಫನೆಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಶಿಶುನಾಳದ ಕಡೆಗೆ ಹರಿಯುವುದು ಸಹಜವೇ ಆಗಿದೆ. ಆದರೆ ಆ ಸಂತನ ಹೆಸರಿಗೂ ಇಂಗ್ಲೆಂಡಿನ ಈ ಅಧಿಕಾರಿಯ ಹೆಸರಿಗೂ ಉಚ್ಚಾರದ ಹೋಲಿಕೆಯ ಹೊರತು ಬೇರೆ ನಂಟಿಲ್ಲ. ಅದು ಅರಬ್ಬಿಯ ಮಾತು. ಕುಲೀನ, ಮರ್ಯಾದಸ್ಥ ಎಂದು ಅದರ ಅರ್ಥ. ಇದಾದರೋ ಹಳೆಯ ಇಂಗ್ಲಿಷಿನ ಎರಡು ಮಾತುಗಳು ಒಂದಾಗಿ, ಬಾಯಿಂದ ಬಾಯಿಗೆ ಸವೆದು ಉಳಿದ ರೂಪ. 'ಷೈರ್' ಎಂದರೆ ನಾಡು; 'ರೀವ್' ಎಂದರೆ ಅದರ ಪಾರುಪತ್ಯಗಾರ. ಕನ್ನಡದಲ್ಲಿ ಅದಕ್ಕೆ ಸರಿಸಾಟಿಯಾದ ಮಾತನ್ನು ಹುಡುಕಹೊರಟವನಿಗೆ 'ನಾಡಗೌಡ' ಎಂಬುದು ಸಿದ್ಧವಾಗಿಯೇ ಸಿಗುತ್ತದೆ. ನಾಡಿನ ಕಂದಾಯವನ್ನು ಎತ್ತುವುದು, ಅಪರಾಧಿಗಳನ್ನು ಹಿಡಿಯುವುದು, ಸೆರೆಮನೆಯನ್ನು ಕಾಯುವುದು, ನ್ಯಾಯಸ್ಥಾನದ ಅಪ್ಪಣೆಗಳನ್ನು ನಡೆಯಿಸುವುದು, ಪಾರ್ಲಿಮೆಂಟಿಗೆ ಪ್ರತಿನಿಧಿಗಳ ಚುನಾವಣೆಯನ್ನು ಜರುಗಿಸುವುದು, ಮರಣದಂಡನೆಯಾದವನನ್ನು ಗಲ್ಲಿಗೇರಿಸುವುದು—ಇಷ್ಟೂ ಒಂದು ಕಾಲಕ್ಕೆ ಈ ಒಬ್ಬನ ತಲೆಯ ಮೇಲಿದ್ದ ಹೊರೆ.

ಇಂತಹ ಹೊರೆಯನ್ನು ಹೊರಲು ಎಂತಹವನು ತಕ್ಕವನು? ಶಾಸನದ ಉತ್ತರ ಅತ್ಯಂತ ಸಂಕ್ಷಿಪ್ತವಾದುದು. ಅರಸನಿಗೂ ಪ್ರಜೆಗಳಿಗೂ ಜವಾಬು ಹೇಳಲು ಸಾಲುವಷ್ಟು ಭೂಮಿ ಆ ನಾಡಿನೊಳಗೆಯೇ ಅವನಿಗೆ ಇರತಕ್ಕದ್ದು. 1316ರಲ್ಲಿ ಎರಡನೆಯ ಎಡ್ವರ್ಡನ ಕಾಲದಲ್ಲಿ ಲಿಂಕನ್ ಪಟ್ಟಣದಲ್ಲಿ ಮಾಡಿದ ಕಟ್ಟಳೆಯ ಸಾರ ಇದು. 1887ರ ಷರೀಫರ ಶಾಸನದಲ್ಲಿಯೂ ಇದೇ ಮಾತು ಬಂದಿದೆ. ಎಷ್ಟು ಎಕರೆ, ಎಷ್ಟು ಹುಟ್ಟುವಳಿ ಎಂಬುದನ್ನು ಶಾಸನ ಹೇಳುವುದಿಲ್ಲ. ಓದುಬರಹದ ಮಾತಿಲ್ಲ, ನ್ಯಾಯಶಾಸ್ತ್ರದ ಪರಿಚಯದ ಮಾತಿಲ್ಲ, ಗುಣನಡತೆಯ ಸೊಲ್ಲೂ ಇಲ್ಲ. ನೆರೆಯ ಸ್ಕಾಟ್ಲೆಂಡಿನಲ್ಲಿ ಹಾಗಲ್ಲ. ಅಲ್ಲಿ ಷರೀಫನೆಂದರೆ ನ್ಯಾಯಾಧಿಪತಿಯೇ. ತಲೆತಲಾಂತರವಾಗಿ ಮನೆತನಗಳ ಕೈಯಲ್ಲಿದ್ದ ಆ ಅಧಿಕಾರವನ್ನು 1746ರ ಶಾಸನದಿಂದ ಕಿತ್ತು, ವಕೀಲಿ ನಡೆಯಿಸಿದವರಿಗೆ ಕೊಡುವುದಾಯಿತು. ಕಾದಂಬರಿಕಾರ ವಾಲ್ಟರ್ ಸ್ಕಾಟನು 1799ರಿಂದ 1832ರಲ್ಲಿ ಸಾಯುವವರೆಗೂ ಸೆಲ್ಕರ್ಕ್ ನಾಡಿಗೆ ಷರೀಫನಾಗಿದ್ದದ್ದು ಆ ಯೋಗ್ಯತೆಯಿಂದಲೇ. ಇಂಗ್ಲೆಂಡು ಮಾತ್ರ ತನ್ನ ಮಣ್ಣಿನ ಲೆಕ್ಕವನ್ನು ಬಿಡಲಿಲ್ಲ.

ಮೇಲುನೋಟಕ್ಕೆ ಇದು ಸಿರಿವಂತರ ಕಟ್ಟಳೆಯೆಂದು ತೋರುವುದು. ಅದು ಸುಳ್ಳೂ ಅಲ್ಲ. ಆದರೆ ಅದರ ಹಿಂದೆ ಒಂದು ವ್ಯವಹಾರದ ಬುದ್ಧಿಯೂ ಇದೆ. ಅರಸನ ಹಣ ಷರೀಫನ ಕೈಯಲ್ಲಿ ಓಡಾಡತಕ್ಕದ್ದು. ಸಾಲಗಾರನೊಬ್ಬನು ಅವನ ಅಜಾಗ್ರತೆಯಿಂದ ಸೆರೆಮನೆಯಿಂದ ತಪ್ಪಿಸಿಕೊಂಡರೆ ಸಾಲ ಕೊಟ್ಟವನ ನಷ್ಟವನ್ನು ಅವನೇ ತೆರಬೇಕು. ಚಿನ್ನಬೆಳ್ಳಿಗಳನ್ನು ಗಂಟು ಕಟ್ಟಿಕೊಂಡು ರಾತ್ರೋರಾತ್ರಿ ಓಡಬಹುದು. ಹೊಲವನ್ನು ಹೆಗಲಮೇಲೆ ಹೊತ್ತುಕೊಂಡು ಓಡುವಂತಿಲ್ಲ. ಭೂಮಿಯೆಂಬುದು ಇಲ್ಲಿ ದೊಡ್ಡಸ್ತಿಕೆಯ ಗುರುತಿಗಿಂತ ಹೆಚ್ಚಾಗಿ ಒಂದು ಅಡವು. ಹೆಂಗಸು ಗಂಡಸು ಎಂಬ ಭೇದವನ್ನು ಸಹ ಈ ಅಡವಿನ ಲೆಕ್ಕ ಕೆಲವೊಮ್ಮೆ ಮರೆತದ್ದುಂಟು. 1216ರ ಅಕ್ಟೋಬರಿನಲ್ಲಿ ಜಾನ್ ದೊರೆ ತನ್ನ ಮರಣಶಯ್ಯೆಯಿಂದ ಮಾಡಿದ ಕಡೆಯ ನೇಮಕಗಳಲ್ಲಿ ಒಂದು, ನಿಕೊಲಾ ಡ ಲಾ ಹೇ ಎಂಬ ವೃದ್ಧ ವಿಧವೆಯನ್ನು ಲಿಂಕನ್ ನಾಡಿನ ಷರೀಫಳನ್ನಾಗಿ ಮಾಡಿದ್ದು. ಮುಂದಿನ ವರ್ಷ ಶತ್ರುಗಳು ಮುತ್ತಿಗೆ ಹಾಕಿದಾಗ ಲಿಂಕನ್ ಕೋಟೆಯನ್ನು ಬಿಟ್ಟುಕೊಡದೆ ಕಾದವಳು ಆಕೆಯೇ.

ಅರ್ಹತೆಯುಳ್ಳವರ ಹೆಸರುಗಳನ್ನು ಬರೆದ ಚರ್ಮದ ಸುರುಳಿಯನ್ನು ಅರಸನ ಮುಂದೆ ಇಡುವುದು, ಅರಸನು ಬೆಳ್ಳಿಯ ದಬ್ಬಣದಿಂದ ಬೇಕಾದ ಹೆಸರಿನ ಬಳಿ ಚುಚ್ಚುವುದು, ಹಾಗೆ ಚುಚ್ಚಲ್ಪಟ್ಟವನು ಆ ವರ್ಷದ ಷರೀಫನಾಗುವುದು—ಇದು ಇಂದಿಗೂ ನಡೆದು ಬಂದಿರುವ ಸಂಪ್ರದಾಯ. ಎಲಿಜಬೆತ್ ರಾಣಿಯು ಹೊಲಿಗೆಯಲ್ಲಿ ತೊಡಗಿದ್ದಾಗ ಲೇಖನಿ ಕೈಗೆ ಸಿಗದೆ ಸೂಜಿಯಿಂದ ಚುಚ್ಚಿದಳೆಂಬ ಕಥೆಯನ್ನು ಜನ ಪ್ರೀತಿಯಿಂದ ಹೇಳುತ್ತಾರೆ. ಅವಳ ಅಜ್ಜನ ಕಾಲದ ಸುರುಳಿಯಲ್ಲಿಯೇ ತೂತುಗಳು ಇರುವುದರಿಂದ ಕಥೆ ನಿಲ್ಲುವುದಿಲ್ಲ. ಮಸಿಯನ್ನು ಕೆರೆದು ಅಳಿಸಬಹುದು, ತೂತನ್ನು ಮುಚ್ಚಲಾಗದು ಎಂಬ ಕಾರಣವೇ ಹೆಚ್ಚು ಒಪ್ಪುವಂತಿದೆ. ಏಕೆಂದರೆ ಆ ಪಟ್ಟಿಯಿಂದ ತನ್ನ ಹೆಸರನ್ನು ಅಳಿಸಿಕೊಳ್ಳಬೇಕೆಂಬ ಆಸೆ ಅನೇಕರಿಗೆ ಇದ್ದಿತು.

ಹೌದು, ಈ ಗೌರವವನ್ನು ಕಂಡು ಓಡುವವರೇ ಬಹಳ ಮಂದಿ ಇದ್ದರು. ಸಂಬಳವಿಲ್ಲ, ಖರ್ಚಿಗೆ ಮಿತಿಯಿಲ್ಲ. ನ್ಯಾಯಾಧೀಶರು ನಾಡಿಗೆ ದಯಮಾಡಿಸಿದಾಗ ಅವರನ್ನು ಎದುರುಗೊಂಡು, ಉಪಚರಿಸಿ, ಪರಿವಾರಸಮೇತ ಬೀಳ್ಕೊಡುವುದು ಷರೀಫನ ಸ್ವಂತ ಹಣದಿಂದ ಆಗಬೇಕು. ದಿನಚರಿ ಬರೆದು ಪ್ರಸಿದ್ಧನಾದ ಜಾನ್ ಈವ್ಲಿನನ ತಂದೆಯು ಸರ್ರೆ ಮತ್ತು ಸಸೆಕ್ಸ್ ನಾಡುಗಳಿಗೆ ಷರೀಫನಾಗಿದ್ದಾಗ ಸಮವಸ್ತ್ರ ತೊಟ್ಟ 116 ಮಂದಿ ಸೇವಕರು ಅವನ ಹಿಂದೆ ನಡೆದರೆಂದು ಮಗನು ಬರೆದಿಟ್ಟಿದ್ದಾನೆ. ಮಗಳ ಮದುವೆಯನ್ನು ವರ್ಷವಿಡೀ ಮಾಡಿದಂತೆ! ಒಬ್ಬನು ಒಂದು ವರ್ಷ ಷರೀಫನಾದ ಬಳಿಕ, ಆ ನಾಡಿನಲ್ಲಿ ತಕ್ಕವನು ಬೇರೊಬ್ಬನು ಇರುವ ತನಕ, ಮೂರು ವರ್ಷ ಅವನನ್ನು ಮತ್ತೆ ಕರೆಯಬಾರದೆಂದು ಶಾಸನದಲ್ಲಿ ಕರುಣೆಯ ಒಂದು ವಿಧಿಯನ್ನು ಇಟ್ಟಿರುವುದು ಸುಮ್ಮನೆಯಲ್ಲ.

ಗೌರವವು ಹೊರೆಯಾಗಬಹುದಾದರೆ ಆಯುಧವೂ ಆಗಬಹುದು. ಷರೀಫನು ತನ್ನ ವರ್ಷದಲ್ಲಿ ನಾಡನ್ನು ಬಿಟ್ಟು ಕದಲಬಾರದು. ಚುನಾವಣೆಯನ್ನು ನಡೆಯಿಸುವ ತಾನೇ ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳಬಾರದು. 1625ರಲ್ಲಿ ಒಂದನೆಯ ಚಾರ್ಲ್ಸ್ ದೊರೆಗೆ ತನ್ನ ವಿರೋಧಿಗಳನ್ನು ಸಭೆಯಿಂದ ದೂರವಿಡುವ ಉಪಾಯ ಈ ನಿಯಮದಲ್ಲಿ ಹೊಳೆಯಿತು. ಅವನ ದಬ್ಬಣವು ಅಂತಹ ಹಲವರ ಹೆಸರುಗಳನ್ನು ಹುಡುಕಿ ಹುಡುಕಿ ಚುಚ್ಚಿತು. ಅವರಲ್ಲಿ ಒಬ್ಬನು ಎಡ್ವರ್ಡ್ ಕೋಕ್. ಆಗ ಅವನಿಗೆ 73 ವರ್ಷ. ಹಿಂದೆ ಇಡೀ ರಾಜ್ಯದ ಮುಖ್ಯ ನ್ಯಾಯಾಧಿಪತಿಯಾಗಿದ್ದು, ಅರಸನಿಗೆ ಬಾಗದೆ 1616ರಲ್ಲಿ ಪದವಿಯನ್ನು ಕಳೆದುಕೊಂಡವನು. ಅಂತಹವನು ಬಕಿಂಗ್‌ಹ್ಯಾಮ್ ನಾಡಿನ ಷರೀಫನಾಗಿ, ತನ್ನ ಶಿಷ್ಯರ ವಯಸ್ಸಿನ ನ್ಯಾಯಾಧೀಶರು ಬಂದಾಗ ಕೋಲು ಹಿಡಿದು ಹಾಜರಿರಬೇಕಾಯಿತು.

ಮುದುಕನು ಸುಮ್ಮನೆ ಬಗ್ಗುವವನಲ್ಲ. ಸ್ವೀಕಾರಕ್ಕೆ ಮುಂಚೆ ಮಾಡಬೇಕಾದ ಪ್ರಮಾಣವಚನವನ್ನು ಕೈಗೆ ತೆಗೆದುಕೊಂಡು ಅಕ್ಷರ ಅಕ್ಷರವಾಗಿ ಪರೀಕ್ಷಿಸಿದನು. ಅದರಲ್ಲಿ ಲೊಲಾರ್ಡರೆಂಬ ಮತಭೇದಕರನ್ನು ಅಡಗಿಸುವೆನೆಂಬ ಮಾತು ಹಳೆಯ ಕಾಲದಿಂದ ಉಳಿದು ಬಂದಿದ್ದಿತು. ಆ ಲೊಲಾರ್ಡರು ಹೇಳಿದ್ದ ಮಾತುಗಳು ಈಗ ರಾಜ್ಯದ ಸ್ವಂತ ಮತದ ಮಾತುಗಳೇ ಆಗಿರುವಾಗ, ಷರೀಫನು ಯಾರನ್ನು ಅಡಗಿಸಬೇಕು, ಅರಸನ ಚರ್ಚನ್ನೇ? ಎಂದು ಅವನು ಆಕ್ಷೇಪವೆತ್ತಿದನು. ನ್ಯಾಯಾಧೀಶರು ತಲೆದೂಗಲೇ ಬೇಕಾಯಿತು; ಆ ಮಾತು ಪ್ರಮಾಣದಿಂದ ಬಿದ್ದುಹೋಯಿತು. ಕೋಕನು ಪದವಿಯಿಂದ ಮಾತ್ರ ತಪ್ಪಿಸಿಕೊಳ್ಳಲಿಲ್ಲ. 1628ರ ಪಾರ್ಲಿಮೆಂಟಿಗೆ ಅವನು ಬಂದಾಗ ಅರಸನ ಕೈ ಕಟ್ಟಿದ ಹಕ್ಕುಗಳ ಮನವಿಯ ಮುಂದಾಳುಗಳಲ್ಲಿ ಒಬ್ಬನಾದನು. ದಬ್ಬಣದ ಚುಚ್ಚು ಎರಡು ವರ್ಷಕ್ಕಿಂತ ಹೆಚ್ಚು ಫಲ ಕೊಡಲಿಲ್ಲವೆನ್ನಬೇಕು.

ಇದು ಅರಸನ ಆಟವಾಯಿತು. ಇದಕ್ಕಿಂತ ಹೇಯವಾದ ಆಟವನ್ನು ವರ್ತಕರ ಪಟ್ಟಣವಾದ ಲಂಡನ್ ಆಡಿತು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಲಂಡನ್ ಪಟ್ಟಣಕ್ಕೆ ತನ್ನ ಷರೀಫರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಬಹು ಹಿಂದಿನಿಂದಲೂ ಇದೆ. ವರ್ಷಕ್ಕೆ ಇಬ್ಬರು. ಇವರ ವಿಷಯದಲ್ಲಿ ಮತ್ತೊಂದು ಅರ್ಹತೆಯೂ ಬೇಕಾಗಿದ್ದಿತು. ಎರಡನೆಯ ಚಾರ್ಲ್ಸನು ಸಿಂಹಾಸನಕ್ಕೆ ಮರಳಿದ ಬಳಿಕ 1661ರಲ್ಲಿ ಹುಟ್ಟಿದ ಪುರಸಭಾ ಶಾಸನವು, ಹಿಂದಿನ ಒಂದು ವರ್ಷದೊಳಗೆ ಇಂಗ್ಲೆಂಡಿನ ರಾಜಮತದ ವಿಧಿಗನುಸಾರವಾಗಿ ಪ್ರಭುಭೋಜನ ಸಂಸ್ಕಾರವನ್ನು ಸ್ವೀಕರಿಸದವನು ಯಾವ ಪಟ್ಟಣದ ಅಧಿಕಾರಕ್ಕೂ ಚುನಾಯಿತನಾಗತಕ್ಕದ್ದಲ್ಲವೆಂದೂ, ಆದರೆ ಆ ಚುನಾವಣೆ ಶೂನ್ಯವೆಂದೂ ವಿಧಿಸಿತು. ರಾಜಮತದಿಂದ ಬೇರೆಯಾಗಿ ತಮ್ಮದೇ ಸಭೆಗಳಲ್ಲಿ ದೇವರನ್ನು ಪೂಜಿಸುತ್ತಿದ್ದ ಭಿನ್ನಮತಸ್ಥರನ್ನು ಹೊರಗಿಡುವುದೇ ಅದರ ಉದ್ದೇಶ. ಇವರು ಬಹುಮಟ್ಟಿಗೆ ವರ್ತಕರು, ಕಸಬುದಾರರು, ಲೆಕ್ಕದಲ್ಲಿ ಕಟ್ಟುನಿಟ್ಟಾದ ಜನ, ಹಣವಂತರೂ ಕಡಮೆಯಿರಲಿಲ್ಲ. ಅವರಲ್ಲಿ ಕೆಲವರು ಪದವಿಯ ಆಸೆಗೆ ವರ್ಷಕ್ಕೊಮ್ಮೆ ರಾಜಮತದ ಗುಡಿಯಲ್ಲಿ ಸಂಸ್ಕಾರವನ್ನು ಸ್ವೀಕರಿಸಿ, ಮಿಕ್ಕ ದಿನಗಳಲ್ಲಿ ತಮ್ಮ ಸಭೆಗೆ ಹೋಗುತ್ತಿದ್ದರು. ಸ್ವತಃ ಭಿನ್ನಮತಸ್ಥನಾದ ಡೀಫೋ 1698ರಲ್ಲಿಯೇ ಈ ದ್ವಂದ್ವಾಚಾರವನ್ನು ಬಲವಾಗಿ ಖಂಡಿಸಿದನು. ಆದರೆ ಬಹುಮಂದಿ ಅದಕ್ಕೆ ಒಪ್ಪದೆ, ಪದವಿಯ ಗೊಡವೆಯೇ ಬೇಡವೆಂದು ತಮ್ಮ ಅಂಗಡಿಗಳಲ್ಲಿ ಕುಳಿತಿದ್ದರು.

ಪಟ್ಟಣದ ಸಭೆಗೆ ಆ ಹೊತ್ತಿಗೆ ಹಣದ ಮುಗ್ಗಟ್ಟು. ಮೇಯರನ ನಿವಾಸಕ್ಕೆಂದು 1739ರಲ್ಲಿ ಮ್ಯಾನ್‌ಷನ್ ಹೌಸ್ ಎಂಬ ಅರಮನೆಯಂತಹ ಕಟ್ಟಡವನ್ನು ಪ್ರಾರಂಭಿಸಿದ್ದರು. ಶಿಲ್ಪಿ ಹಿರಿಯ ಜಾರ್ಜ್ ಡ್ಯಾನ್ಸ್. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಲಂಡನಿನ ಹಿರಿಯರಿಗೆ ತಿಳಿದಿರದಿದ್ದರೂ ಅನುಭವ ಮಾತ್ರ ಅದೇ ಆಯಿತು. 1748ರಲ್ಲಿ ಸಭೆಯು ಒಂದು ಉಪನಿಯಮವನ್ನು ಮಾಡಿತು. ಷರೀಫನ ಪದವಿಗೆ ಸೂಚಿತನಾದವನು ನಿಲ್ಲಲೊಪ್ಪದಿದ್ದರೆ 400 ಪೌಂಡು ಮತ್ತು 20 ಮಾರ್ಕು ದಂಡ. 20 ಮಾರ್ಕೆಂದರೆ 13 ಪೌಂಡು 6 ಷಿಲಿಂಗು 8 ಪೆನ್ಸು. ಲೆಕ್ಕ ಅಷ್ಟು ಸೂಕ್ಷ್ಮ. ಚುನಾಯಿತನಾದ ಮೇಲೆ ಸ್ವೀಕರಿಸದಿದ್ದರೆ 600 ಪೌಂಡು. ದಂಡದ ಹಣವೆಲ್ಲ ಕಟ್ಟಡಕ್ಕೆ.

ಮುಂದೆ ನಡೆದುದನ್ನು ಊಹಿಸುವುದು ಕಷ್ಟವಲ್ಲ. ಯಾವ ಭಿನ್ನಮತಸ್ಥನಲ್ಲಿ ಹಣವಿದೆ, ಅವರಲ್ಲಿ ಯಾವನು ಸಂಸ್ಕಾರಕ್ಕೆ ಖಂಡಿತವಾಗಿ ಒಪ್ಪನು ಎಂದು ಹುಡುಕಿ ಅಂತಹವನನ್ನೇ ಸೂಚಿಸತೊಡಗಿದರು. ಅವನು ಒಪ್ಪಿ ಕುಳಿತರೆ ಪುರಸಭಾ ಶಾಸನ ಅವನನ್ನು ಹಿಡಿಯುವುದು; ಒಪ್ಪದಿದ್ದರೆ ಉಪನಿಯಮ ಹಿಡಿಯುವುದು. ಕೈಕಾಲು ಕಟ್ಟಿ ಕೆರೆಗೆ ನೂಕಿ, ಈಜದೆ ಹೋದೆಯೆಂದು ದಂಡ ಹಾಕುವ ನ್ಯಾಯವಿದು. ಕುರುಡನೊಬ್ಬನನ್ನೂ ಹಾಸಿಗೆಯಿಂದೇಳಲಾರದ ರೋಗಿಯೊಬ್ಬನನ್ನೂ ಸಹ ಷರೀಫನ ಪದವಿಗೆ ಆರಿಸಿದರೆಂದು ಇತಿಹಾಸಕಾರರು ಹೇಳುತ್ತಾರೆ. ಅರ್ಹತೆಯನ್ನು ಹುಡುಕಬೇಕಾದವರು ಅನರ್ಹತೆಯನ್ನು ಹುಡುಕಿ ಹೊರಟದ್ದು ಅಲ್ಲಿಯ ಸೋಜಿಗ. ಆರೇಳು ವರ್ಷಗಳಲ್ಲಿ ಹೀಗೆ ಕೂಡಿದ ಮೊತ್ತ 15,000 ಪೌಂಡಿಗೂ ಮೀರಿತು. ಕಟ್ಟಡ ಮೇಲೆದ್ದಿತು. ಇಂದಿಗೂ ಆ ಕಂಬಗಳು ಗಂಭೀರವಾಗಿ ನಿಂತಿವೆ; ನೋಡುವವನಿಗೆ ಅವುಗಳ ಬುಡದಲ್ಲಿ ಯಾರ ಹಣವಿದೆಯೆಂಬುದು ಕಾಣುವುದಿಲ್ಲ.

ದಂಡ ತೆತ್ತು ಸುಮ್ಮನಾದವರನ್ನು ಹೇಡಿಗಳೆನ್ನುವುದು ಸುಲಭ. ಆದರೆ ವ್ಯಾಪಾರವುಳ್ಳವನಿಗೆ ಪಟ್ಟಣದ ದೊಡ್ಡವರೊಡನೆ ವ್ಯಾಜ್ಯವೆಂದರೆ ಹುಡುಗಾಟವಲ್ಲ. ಕೊನೆಗೆ 1754ರಲ್ಲಿ ಷೀಫ್, ಸ್ಟ್ರೀಟ್‌ಫೀಲ್ಡ್, ಇವಾನ್ಸ್ ಎಂಬ ಮೂವರು ದಂಡ ಕೊಡುವುದಿಲ್ಲವೆಂದು ನಿಂತರು. ಪಟ್ಟಣದ ಕೋಶಾಧಿಕಾರಿ ದಾವೆ ಹೂಡಿದನು. ಮೊದಲ ವಿಚಾರಣೆ ನಡೆದದ್ದು ಪಟ್ಟಣದ್ದೇ ಆದ ಷರೀಫರ ನ್ಯಾಯಸ್ಥಾನದಲ್ಲಿ. 1757ರಲ್ಲಿ ತೀರ್ಪು ಪಟ್ಟಣದ ಪರವಾಗಿ ಬಂದಿತು. ಅಪೀಲಿನಲ್ಲಿ ಪಟ್ಟಣದ ಮತ್ತೊಂದು ನ್ಯಾಯಸ್ಥಾನ ಅದನ್ನೇ ಎತ್ತಿಹಿಡಿಯಿತು. ಅಲ್ಲಿಂದ ರಾಜ್ಯದ ನ್ಯಾಯಾಧೀಶರ ವಿಶೇಷ ಮಂಡಲಿಗೆ ಹೋದಾಗ 1762ರಲ್ಲಿ ತೀರ್ಪು ತಿರುಗಿ ಬಿದ್ದಿತು. ಪಟ್ಟಣವು ಬಿಡದೆ ಪ್ರಭುಗಳ ಸಭೆಗೆ ಒಯ್ದಿತು. ಅಷ್ಟರಲ್ಲಿ ಮೂವರಲ್ಲಿ ವ್ಯಾಜ್ಯದ ಕಣದಲ್ಲಿ ಉಳಿದವನು ಅಲೆನ್ ಇವಾನ್ಸನೊಬ್ಬನೇ. ಅವನೂ ಹಣ್ಣಾದ ಮುದುಕ.

ಪಟ್ಟಣದ ವಕೀಲರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಸಾರ್ವಜನಿಕ ಸೇವೆ ಪ್ರತಿಯೊಬ್ಬ ಪ್ರಜೆಯ ಋಣ. ತನ್ನದೇ ತಪ್ಪಿನಿಂದ ಅನರ್ಹನಾದವನು ಆ ತಪ್ಪನ್ನೇ ಗುರಾಣಿಯಾಗಿ ಹಿಡಿಯಲಾಗದು. ಸಂಸ್ಕಾರವನ್ನು ಸ್ವೀಕರಿಸು ಎಂದರೆ ಸ್ವೀಕರಿಸಬಹುದಾಗಿದ್ದಿತು, ಸ್ವೀಕರಿಸದಿದ್ದುದು ಅವನ ತಪ್ಪು. ತೆರಿಗೆ ಕೊಡಲಾರೆನೆಂಬುದಕ್ಕೆ ತಾನೇ ಹಣವನ್ನು ಬಾವಿಗೆಸೆದದ್ದನ್ನು ಕಾರಣವಾಗಿ ಹೇಳುವಂತಿಲ್ಲವಷ್ಟೆ. ಎಲ್ಲವೂ ನಿಂತಿದ್ದುದು ಒಂದೇ ಪ್ರಶ್ನೆಯ ಮೇಲೆ: ಭಿನ್ನಮತಸ್ಥನಾಗಿರುವುದು ಅಪರಾಧವೆ?

1767ರ ಫೆಬ್ರವರಿ 4ರಂದು ಮುಖ್ಯ ನ್ಯಾಯಾಧಿಪತಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಪ್ರಭುಗಳ ಸಭೆಯಲ್ಲಿ ಎದ್ದು ನಿಂತು ಇದಕ್ಕೆ ಉತ್ತರ ಕೊಟ್ಟನು. ಅಭಿಪ್ರಾಯ ಕೇಳಲ್ಪಟ್ಟ ನ್ಯಾಯಾಧೀಶರಲ್ಲಿ ಒಬ್ಬನ ಹೊರತು ಮಿಕ್ಕವರೆಲ್ಲರೂ ಇವಾನ್ಸನ ಪರವಾಗಿದ್ದರು. 1689ರ ಸಹನೆಯ ಶಾಸನವು ಭಿನ್ನಮತಸ್ಥರಿಗೆ ಶಿಕ್ಷೆಯನ್ನು ಮಾತ್ರ ಮನ್ನಿಸಿ ಅಪರಾಧವನ್ನು ಹಾಗೆಯೇ ಉಳಿಸಿತೆಂಬ ವಾದವನ್ನು ಅವನು ಒಪ್ಪಲಿಲ್ಲ. ಆ ಶಾಸನದಿಂದ ಅಪರಾಧವೇ ಹೋಯಿತು. ಅವರ ಪೂಜೆ ನ್ಯಾಯಸಮ್ಮತವಾಯಿತು. ನ್ಯಾಯಸಮ್ಮತವಾದುದನ್ನು ಮಾಡಿದವನ ಮೇಲೆ ತಪ್ಪು ಹೊರಿಸಲಾಗದು. ಪುರಸಭಾ ಶಾಸನವು ಇಂತಹವನನ್ನು ಚುನಾಯಿಸಕೂಡದೆಂದು ನಿಷೇಧಿಸಿರುವುದು ಪಟ್ಟಣದವರನ್ನು. ಅವನು ಸಂಸ್ಕಾರವನ್ನು ಸ್ವೀಕರಿಸಿಲ್ಲವೆಂದು ಬಲ್ಲ ಪಟ್ಟಣಕ್ಕೆ ಅವನನ್ನು ಚುನಾಯಿಸುವ ಅಧಿಕಾರವೇ ಇಲ್ಲ. ಚುನಾವಣೆಯೇ ಇಲ್ಲವೆಂದ ಮೇಲೆ ನಿರಾಕರಣೆಯೆಲ್ಲಿ, ದಂಡವೆಲ್ಲಿ? ಈ ಉಪನಿಯಮವು ಸೇವೆಗೆ ಜನರನ್ನು ಒದಗಿಸಲು ಮಾಡಿದ್ದಲ್ಲ, ಸೇವೆ ಮಾಡಲಾರದವರಿಂದ ಹಣ ಕೀಳಲು ಮಾಡಿದ್ದೆಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದನು. ಮನಸ್ಸಾಕ್ಷಿಯನ್ನು ಬಲಾತ್ಕರಿಸುವುದರಷ್ಟು ವಿವೇಕಕ್ಕೂ ಧರ್ಮಕ್ಕೂ ವಿರುದ್ಧವಾದುದು ಬೇರೊಂದಿಲ್ಲವೆಂಬುದು ಅವನ ಭಾಷಣದ ಒಟ್ಟು ಆಶಯ.

ಆಗ ಸಭೆಯ ಭಾಷಣಗಳನ್ನು ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಆ ದಿನ ಕೇಳುತ್ತ ನಿಂತಿದ್ದವರಲ್ಲಿ ಫಿಲಿಪ್ ಫರ್ನೋ ಎಂಬ ಭಿನ್ನಮತದ ಬೋಧಕನಿದ್ದನು. ಅವನ ಸ್ಮರಣಶಕ್ತಿ ಅಸಾಧಾರಣವಾದುದು. ಮನೆಗೆ ಬಂದು ಇಡೀ ಭಾಷಣವನ್ನು ನೆನಪಿನಿಂದ ಬರೆದಿಟ್ಟನು; ಅದನ್ನು ಓದಿದ ಮ್ಯಾನ್ಸ್‌ಫೀಲ್ಡನಿಗೆ ತಿದ್ದಲು ಸಿಕ್ಕಿದ್ದು ಅಲ್ಪಸ್ವಲ್ಪವೇ. ಕಿವಿಯಿಂದ ಕೇಳಿ ಕಂಠದಲ್ಲಿ ಉಳಿಸಿಕೊಳ್ಳುವುದು ವೇದಪಾಠದ ನಾಡಿನವರಿಗೆ ಆಶ್ಚರ್ಯವೆನಿಸದಿರಬಹುದು. ಆದರೆ ಈ ಒಬ್ಬನ ಕಿವಿಯಿಲ್ಲದಿದ್ದರೆ ಆ ಮಾತುಗಳು ಆ ಸಂಜೆಯೇ ಗಾಳಿಯಲ್ಲಿ ಕರಗಿಹೋಗುತ್ತಿದ್ದವು. ಎರಡು ವರ್ಷಗಳ ಮೇಲೆ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನನು ತನ್ನ ವ್ಯಾಖ್ಯಾನದ ನಾಲ್ಕನೆಯ ಸಂಪುಟದಲ್ಲಿ ಭಿನ್ನಮತವನ್ನು ಮತ್ತೆ ಅಪರಾಧಗಳ ಸಾಲಿನಲ್ಲಿ ಕೂರಿಸಿದಾಗ, 1770ರಲ್ಲಿ ಅವನಿಗೆ ಬಹಿರಂಗ ಪತ್ರಗಳನ್ನು ಬರೆದು ತಡೆದವನೂ ಈ ಫರ್ನೋನೇ. ಮಹಾಪಂಡಿತನು ಮುಂದಿನ ಮುದ್ರಣಗಳಲ್ಲಿ ತನ್ನ ಮಾತನ್ನು ಮೃದುಗೊಳಿಸಿದನು.

ಇವಾನ್ಸನ ವಿಷಯ. ತೀರ್ಪು ಹೊರಬಿದ್ದಾಗ ಅವನು ಮರಣಾವಸ್ಥೆಯಲ್ಲಿದ್ದನು. ಗೆದ್ದ ಸುದ್ದಿಯನ್ನು ಕೇಳಿ ತಿಳಿದುಕೊಳ್ಳುವಷ್ಟು ಪ್ರಜ್ಞೆ ಇನ್ನೂ ಉಳಿದಿದ್ದಿತಂತೆ. 13 ವರ್ಷದ ಹೋರಾಟದಿಂದ ಅವನಿಗೆ ದಕ್ಕಿದ್ದು ಷರೀಫನ ಸರಪಣಿಯೂ ಅಲ್ಲ, ಹಣವೂ ಅಲ್ಲ. ತಾನು ಅನರ್ಹನೆಂಬುದು ನ್ಯಾಯವಾಗಿಯೇ ಸಾಬೀತಾಯಿತೆಂಬ ತೃಪ್ತಿ. ಆ ಗೆಲವಿನಲ್ಲಿ ಒಂದು ಕಹಿಯೂ ಇದೆ. ದಂಡ ತಪ್ಪಿತೇ ಹೊರತು ಬಾಗಿಲು ತೆರೆಯಲಿಲ್ಲ. ಪುರಸಭಾ ಶಾಸನ 1828ರವರೆಗೂ ಹಾಗೆಯೇ ಉಳಿಯಿತು.

ಅದು ಹೋದಾಗಲೂ ಅದರ ಜಾಗದಲ್ಲಿ ಬಂದ ಪ್ರಮಾಣದಲ್ಲಿ 'ಕ್ರೈಸ್ತನ ನಿಜವಾದ ಶ್ರದ್ಧೆಯಿಂದ' ಎಂಬರ್ಥದ ಮಾತೊಂದು ಸೇರಿಕೊಂಡಿತು. ಭಿನ್ನಮತಸ್ಥರು ಒಳಹೊಕ್ಕರು, ಯೆಹೂದ್ಯರು ಹೊರಗೆ ನಿಂತರು. 1835ರಲ್ಲಿ ಲಂಡನಿನ ಜನರು ಡೇವಿಡ್ ಸಾಲಮನ್ಸ್ ಎಂಬ ಯೆಹೂದ್ಯ ಗೃಹಸ್ಥನನ್ನು ಷರೀಫನನ್ನಾಗಿ ಚುನಾಯಿಸಿದಾಗ, ಆ ಮಾತನ್ನಾಡದೆಯೇ ಪದವಿಯನ್ನು ಸ್ವೀಕರಿಸಲು ಅವಕಾಶವಾಗುವಂತೆ ಪಾರ್ಲಿಮೆಂಟು ಹೊಸ ಶಾಸನವೊಂದನ್ನೇ ಮಾಡಬೇಕಾಯಿತು. ಎರಡು ವರ್ಷಗಳ ಮೇಲೆ ಮೋಸೆಸ್ ಮಾಂಟಿಫಿಯೋರಿ ಷರೀಫನಾದನು. ವಿಕ್ಟೋರಿಯಾ ರಾಣಿ ಪಟ್ಟಣಕ್ಕೆ ಬಂದಾಗ ಅವನಿಗೆ ನೈಟ್ ಪದವಿಯನ್ನು ಕೊಟ್ಟಳು. ಸಾಲಮನ್ಸನು 1855ರಲ್ಲಿ ಲಂಡನಿನ ಮೇಯರನಾಗಿ ಆ ಮ್ಯಾನ್‌ಷನ್ ಹೌಸಿನಲ್ಲಿಯೇ ವಾಸ ಮಾಡಿದನೆಂಬುದು ಇವಾನ್ಸನ ಕಥೆಯನ್ನು ಬಲ್ಲವರಿಗೆ ಸ್ವಾರಸ್ಯವಾಗಿ ತೋರದಿರದು.

ಈ ಪದವಿ ಹಡಗು ಹತ್ತಿ ಹಿಂದೂಸ್ಥಾನಕ್ಕೂ ಬಂದಿತು. ಮುಂಬಯಿ, ಮದರಾಸು, ಕಲ್ಕತ್ತ—ಮೂರು ರಾಜಧಾನಿಗಳಲ್ಲಿಯೂ ಷರೀಫರಿದ್ದರು. ಇಲ್ಲಿ ಭೂಮಿಯ ಮಾತಿಲ್ಲ. 1774ರ ಸನದಿನ ಪ್ರಕಾರ ಕಲ್ಕತ್ತದಲ್ಲಿ ಸುಪ್ರೀಮ್ ಕೋರ್ಟು ಮೂವರ ಹೆಸರುಗಳನ್ನು ಸೂಚಿಸಬೇಕು, ಗವರ್ನರ್ ಜನರಲನ ಮಂಡಲಿ ಒಬ್ಬನನ್ನು ಆರಿಸಬೇಕು. ಒಂದು ಶತಮಾನ ಕಳೆಯುವ ಹೊತ್ತಿಗೆ ಈ ದೇಶದವರೂ ಆ ಸ್ಥಾನಕ್ಕೆ ಬಂದರು. ವೈದ್ಯನೂ ವಿದ್ವಾಂಸನೂ ಆಗಿದ್ದ ಭಾವು ದಾಜಿ ಎರಡು ಸಲ ಮುಂಬಯಿಯ ಷರೀಫನಾಗಿದ್ದನು. ಕಾಲ ಸರಿದಂತೆ ಅದು ಗಣ್ಯ ನಾಗರಿಕನೊಬ್ಬನಿಗೆ ಸಲ್ಲುವ ಮರ್ಯಾದೆಯಾಯಿತು. ಊರಿನ ದೊಡ್ಡ ಸಭೆಗಳು ಷರೀಫನ ಕರೆಯಿಂದ ನೆರೆಯುತ್ತಿದ್ದವು. ಆದರೆ ಮೊದಲ ವರ್ಷಗಳಲ್ಲಿ ಅದು ಬರಿಯ ಮರ್ಯಾದೆಯಾಗಿರಲಿಲ್ಲ. 1775ರ ಆಗಸ್ಟ್ 5ರಂದು ಮಹಾರಾಜ ನಂದಕುಮಾರನನ್ನು ಗಲ್ಲಿಗೇರಿಸುವ ಕೆಲಸ ಅಂದಿನ ಷರೀಫನಾದ ಅಲೆಕ್ಸಾಂಡರ್ ಮ್ಯಾಕ್ರಬಿಯ ಪಾಲಿಗೆ ಬಂದಿತು. ಹಿಂದಿನ ಸಂಜೆ ಅವನು ಸೆರೆಮನೆಗೆ ಹೋಗಿ ಕೈದಿಯನ್ನು ಕಂಡನು. ಸಾಯಬೇಕಾದವನು ಶಾಂತನಾಗಿದ್ದನು, ಕಳವಳಗೊಂಡವನು ಷರೀಫನೇ. ಅವನು ಬರೆದಿಟ್ಟ ವೃತ್ತಾಂತವನ್ನು ಇಂದು ಓದುವವನಿಗೂ ಮನಸ್ಸು ಕಲಕುತ್ತದೆ. ಮೂರು ಹೆಸರುಗಳನ್ನು ಬರೆದು ಕಳುಹಿಸಿದವರಲ್ಲಿ ಯಾರೂ ಇಂತಹ ಸಂಜೆಗೆ ಬೇಕಾದ ಅರ್ಹತೆಯನ್ನು ಕುರಿತು ಯೋಚಿಸಿರಲಾರರು.

ಇವಾನ್ಸನ ತೀರ್ಪಿನ ಆರು ವರ್ಷಗಳ ಮೇಲೆ, 1773ರಲ್ಲಿ, ಬೆಡ್‌ಫರ್ಡ್ ನಾಡಿಗೆ ಜಾನ್ ಹೊವರ್ಡ್ ಎಂಬವನು ಷರೀಫನಾದನು. ಅವನಿಗೆ ಕಾರ್ಡಿಂಗ್ಟನ್ ಎಂಬ ಹಳ್ಳಿಯಲ್ಲಿ ಜಮೀನಿದ್ದಿತು. ಅಷ್ಟರಮಟ್ಟಿಗೆ ಶಾಸನಕ್ಕೆ ತೃಪ್ತಿ. ಆದರೆ ಅವನೂ ಭಿನ್ನಮತಸ್ಥ. ಅರಸನ ಕೆಲಸಕ್ಕೆ ಸೇರುವವರಿಗೆ 1673ರ ಪರೀಕ್ಷಾ ಶಾಸನ ಬೇರೆ ಇದ್ದಿತು. ಸಂಸ್ಕಾರವನ್ನು ಸ್ವೀಕರಿಸದೆ ಅಧಿಕಾರ ನಡೆಯಿಸಿದವನಿಗೆ 500 ಪೌಂಡು ದಂಡ. ಜೊತೆಗೆ ಅವನು ದಾವೆ ಹೂಡುವಂತಿಲ್ಲ, ಯಾರಿಗೂ ಪೋಷಕನಾಗುವಂತಿಲ್ಲ. ವರ್ಷವರ್ಷವೂ ಪಾರ್ಲಿಮೆಂಟು ಹೊರಡಿಸುತ್ತಿದ್ದ ಕ್ಷಮಾಶಾಸನದ ನೆರಳು ಒಂದಿಷ್ಟು ಇದ್ದಿತಾದರೂ ಆಗದವನೊಬ್ಬನು ಎಳೆದಾಡಿಸಬಹುದಾಗಿದ್ದಿತು. ಇವಾನ್ಸನು ಒಲ್ಲೆನೆಂದಂತೆ ಹೊವರ್ಡನೂ ಒಲ್ಲೆನೆಂದಿದ್ದರೆ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಅವನು ಸಂಸ್ಕಾರಕ್ಕೂ ಹೋಗಲಿಲ್ಲ, ಪದವಿಯನ್ನೂ ಬಿಡಲಿಲ್ಲ.

ಸೆರೆಮನೆಯನ್ನು ಕೆಳಗಿನವರಿಗೆ ಒಪ್ಪಿಸಿ ತಾನು ಮೆರವಣಿಗೆಗಷ್ಟೇ ಬರುವುದು ಷರೀಫರ ವಾಡಿಕೆ. ಹೊವರ್ಡನು ಒಳಗೆ ಹೋಗಿ ನೋಡಿದನು. ಅವನಿಗೆ ಸೆರೆ ತಿಳಿಯದ ವಿಷಯವಲ್ಲ. 1756ರಲ್ಲಿ ಲಿಸ್ಬನ್ನಿಗೆ ಹೋಗುವಾಗ ಫ್ರೆಂಚರ ಕೈಗೆ ಸಿಕ್ಕಿ ಒದ್ದೆ ನೆಲಮಾಳಿಗೆಯಲ್ಲಿ ಬಿದ್ದಿದ್ದವನು. ಬೆಡ್‌ಫರ್ಡಿನಲ್ಲಿ ಅವನು ಕಂಡದ್ದು ಇಷ್ಟು: ಪಂಚಾಯಿತರು ನಿರ್ದೋಷಿಯೆಂದು ಹೇಳಿದವನನ್ನು, ದೂರುದಾರನೇ ಬಾರದೆ ಹೋದುದರಿಂದ ಬಿಡುಗಡೆಯಾದವನನ್ನು, ಮತ್ತೆ ಸೆರೆಮನೆಗೇ ಎಳೆದೊಯ್ದು ಕೂಡಿಹಾಕುತ್ತಿದ್ದರು. ಸೆರೆಮನೆಯ ಅಧಿಕಾರಿಗೆ ಸಂಬಳವಿಲ್ಲ. ಕೈದಿಗಳು ಕೊಡುವ ಶುಲ್ಕವೇ ಅವನ ಜೀವನ. ಅದನ್ನು ಕೊಡುವವರೆಗೆ ನಿರ್ದೋಷಿಗೂ ಬಾಗಿಲು ತೆರೆಯದು. ಇದೇ ಬೆಡ್‌ಫರ್ಡಿನಲ್ಲಿ ಒಂದು ಶತಮಾನದ ಹಿಂದೆ ಜಾನ್ ಬನ್ಯನನು ಭಿನ್ನಮತವನ್ನು ಬೋಧಿಸಿದ ತಪ್ಪಿಗೆ ಹನ್ನೆರಡು ವರ್ಷ ಸೆರೆಯಲ್ಲಿದ್ದನು. ಈಗ ಅದೇ ಪಂಗಡದವನ ಕೈಯಲ್ಲಿ ಬೀಗದ ಕೈ.

ಶುಲ್ಕವನ್ನು ತೆಗೆದು ಸಂಬಳ ಗೊತ್ತುಮಾಡಿರೆಂದು ಅವನು ನಾಡಿನ ನ್ಯಾಯಾಧಿಕಾರಿಗಳನ್ನು ಕೇಳಿಕೊಂಡನು. ಅವರು ಕೆಟ್ಟವರಲ್ಲ, ಕಛೇರಿಯ ಜನ. ಆಗಲಿ, ಆದರೆ ನಾಡಿನ ಬೊಕ್ಕಸಕ್ಕೆ ಈ ಖರ್ಚನ್ನು ಹಾಕಲು ಎಲ್ಲಿಯಾದರೂ ಪೂರ್ವದ ನಿದರ್ಶನ ಬೇಕಲ್ಲ, ಎಂದರು. ನಿದರ್ಶನವನ್ನು ಹುಡುಕುತ್ತ ಹೊವರ್ಡನು ಕುದುರೆಯೇರಿ ನೆರೆಯ ನಾಡಿಗೆ ಹೋದನು. ಅಲ್ಲಿಯೂ ಅದೇ ಅನ್ಯಾಯ. ಅದರಾಚೆಯ ನಾಡಿಗೆ ಹೋದನು, ಅಲ್ಲಿಯೂ ಅದೇ. ನಿದರ್ಶನ ಎಲ್ಲಿಯೂ ಸಿಗಲಿಲ್ಲ, ಪ್ರಯಾಣ ಮಾತ್ರ ನಿಲ್ಲಲಿಲ್ಲ.

1774ರಲ್ಲಿ ಪಾರ್ಲಿಮೆಂಟು ಅವನನ್ನು ಕರೆಯಿಸಿ ಸಾಕ್ಷ್ಯವನ್ನು ಕೇಳಿತು. ಇಷ್ಟೆಲ್ಲ ತಿರುಗಾಡಿದ್ದು ಯಾರ ಖರ್ಚಿನಿಂದ ಎಂದು ಸದಸ್ಯನೊಬ್ಬನು ವಿಚಾರಿಸಿದನಂತೆ. ಸ್ವಂತ ಹಣದಿಂದ ಒಬ್ಬನು ಸೆರೆಮನೆಗಳನ್ನು ಸುತ್ತುವನೆಂಬುದು ಆ ಮಹಾಶಯನ ಊಹೆಗೆ ನಿಲುಕಲಿಲ್ಲ. ಆ ವರ್ಷವೇ ಎರಡು ಶಾಸನಗಳಾದವು. ಬಿಡುಗಡೆಯಾದವನಿಂದ ಶುಲ್ಕ ಕೀಳಕೂಡದೆಂಬುದು ಒಂದು. ಕೈದಿಗಳ ಆರೋಗ್ಯವನ್ನು ಕುರಿತದ್ದು ಇನ್ನೊಂದು. ಅವುಗಳ ಪ್ರತಿಗಳನ್ನು ಹೊವರ್ಡನು ತನ್ನ ಖರ್ಚಿನಿಂದಲೇ ಅಚ್ಚು ಹಾಕಿಸಿ ದೇಶದ ಸೆರೆಮನೆಗಳಿಗೆ ಕಳುಹಿಸಿದನು. 1777ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಅವನ ಷರೀಫಗಿರಿ ಒಂದೇ ವರ್ಷಕ್ಕೆ ಮುಗಿದಿದ್ದಿತು. ತಿರುಗಾಟ ಮುಗಿದದ್ದು 1790ರ ಜನವರಿಯಲ್ಲಿ, ಕಪ್ಪು ಸಮುದ್ರದ ಬಳಿಯ ಖೆರ್ಸೋನಿನಲ್ಲಿ ಜ್ವರದಿಂದ ಅವನು ತೀರಿಕೊಂಡಾಗ.

ಲಂಡನಿನ ಸಂತ ಪೌಲನ ಮಹಾಮಂದಿರದೊಳಗೆ ಅಲ್ಲಿಯವರೆಗೆ ಯಾರ ಸ್ಮಾರಕ ಪ್ರತಿಮೆಗೂ ಪ್ರವೇಶವಿರಲಿಲ್ಲ. ಮೊಟ್ಟಮೊದಲು ಅಲ್ಲಿ ನಿಂತದ್ದು, ಆ ಮತದ ಸಂಸ್ಕಾರವನ್ನು ಸ್ವೀಕರಿಸದೆ ಷರೀಫನಾಗಿದ್ದ ಈ ಹೊವರ್ಡನ ಪ್ರತಿಮೆ. ಕಡೆದವನು ಜಾನ್ ಬೇಕನ್. ಕಾಲ ಕೆಳಗೆ ಸಂಕೋಲೆಗಳು ಬಿದ್ದಿವೆ. ಒಂದು ಕೈಯಲ್ಲಿ ಕಾಗದದ ಸುರುಳಿ, ಮತ್ತೊಂದರಲ್ಲಿ ಬೀಗದ ಕೈ. ಪರೀಕ್ಷಾ ಶಾಸನ ರದ್ದಾಗಲು ಆಗ ಇನ್ನೂ ಮೂವತ್ತಕ್ಕೂ ಹೆಚ್ಚು ವರ್ಷಗಳು ಉಳಿದಿದ್ದವು.